ಹುಡುಗರ ಸಾಲಿನಲ್ಲಿ ಕುಳಿತವಳು

ಮೊನ್ನೆ ನನ್ನ ತವರು ಸವಣೂರಿನಿಂದ ಬಂದವರೊಬ್ಬರು ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟು ಕೊಟ್ಟು ಹೋದರು. ಬಿಚ್ಚಿದ ಕೂಡಲೇ ಹಸಿ ಎಲೆಯ ಘಾಟು ಮೂಗಿಗೆ ಬಡಿಯಿತು. ನನ್ನ ಹಲ್ಲುಗಳು ಹೋಗಿ ವರ್ಷಗಳಾದವು, ಅಗಿಯುವ ಆಟ ಮುಗಿದಿದೆ. ಸುಮ್ಮನೆ ಮೂಸುತ್ತ ಕುಳಿತೆ. ತವರಿನ ಎದುರುಮನೆಯ ಚಿಗವ್ವ ನೆನಪಾದಳು...

ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಈಗಷ್ಟೇ ಕಲಿಸಿದ್ದಾಳೆ. ಒಂದು ಸಾಲಿಗೇ ಬೆರಳು ದಣಿಯುತ್ತದೆ. ಆದರೆ ಚಿಗವ್ವನ ಬಗ್ಗೆ ನಾನು ಬರೆಯದಿದ್ದರೆ ಬರೆಯುವವರು ಬೇರೆ ಯಾರೂ ಉಳಿದಿಲ್ಲ.

ಚಿಗವ್ವ ಎಂದು ಕರೆಯುತ್ತಿದ್ದೆವು ಅಷ್ಟೆ, ರಕ್ತಸಂಬಂಧವೇನೂ ಇರಲಿಲ್ಲ. ಸವಣೂರಿನಲ್ಲಿ ಅವಳ ಗಂಡನಿಗೆ ಎಲೆತೋಟವಿತ್ತು. ತೋಟ ಅವನದು, ಸಂತೆಯಲ್ಲಿ ಕುಳಿತು ಮಾರುವ ಕೆಲಸ ಅವಳದು. ಸಂತೆಯ ದಿನ ಮಕ್ಕಳ ಕೈಗೆ ಚಿಲ್ಲರೆ ಕೊಡುವುದು ನಮ್ಮ ಓಣಿಯ ಪದ್ಧತಿ. ಅದಕ್ಕೆ ಸಂತೆ ರೊಕ್ಕ ಎನ್ನುತ್ತಿದ್ದರು. ಕೊಟ್ಟ ಮೇಲೆ ದೊಡ್ಡವರು ಅದನ್ನು ತಿರುಗಿ ಕೇಳುವಂತಿಲ್ಲ, ಏನು ಕೊಂಡೆ ಎಂದೂ ಕೇಳುವಂತಿಲ್ಲ. ನಮ್ಮಂಥ ಕೆಲವರ ಮನೆಗಳಲ್ಲಿ ಕೊಡಲು ಚಿಲ್ಲರೆಯೇ ಇರುತ್ತಿರಲಿಲ್ಲ. ಅಂಥ ಮಕ್ಕಳಿಗೆ ಚಿಗವ್ವ ಎಲೆ ಕೊಡುತ್ತಿದ್ದಳು. ಅವಳ ಪಕ್ಕದಲ್ಲಿ ಗೋಣಿಚೀಲದ ತುಂಡು ಹಾಸಿಕೊಂಡು ನಾವು ಸಾಲಾಗಿ ಕುಳಿತು ಮಾರಬೇಕು. ಸಂಜೆ ಎಲೆಯ ಬೆಲೆ ಅವಳಿಗೆ, ಮೇಲೆ ಉಳಿದದ್ದು ನಮ್ಮ ಸಂತೆ ರೊಕ್ಕ.

ನಾನು ಹೆಚ್ಚು ಬೆಲೆಗೆ ಹಟ ಹಿಡಿದು ಗಿರಾಕಿಗಳನ್ನು ಕಳಿಸಿಬಿಡುತ್ತಿದ್ದೆ. ಬಿಸಿಲೇರುತ್ತಿತ್ತು.

"ಹಟ ಮಾಡಿದ್ರ ನೀ ಬಾಡೂದಿಲ್ಲ, ಎಲಿ ಬಾಡ್ತಾವ" ಎನ್ನುತ್ತಿದ್ದಳು.

ಮೊದಲ ಸಂತೆಯ ಲಾಭಕ್ಕೆಲ್ಲ ನಾನು ಖಾರದ ಚುರುಮುರಿ ಕೊಂಡು ತಿಂದೆ. ಬಾಯಿ ಉರಿದು ಕಣ್ಣಲ್ಲಿ ನೀರು. ಅವಳು ಬಯ್ಯಲಿಲ್ಲ. "ನಿನ್ನ ರೊಕ್ಕ, ನಿನ್ನ ಬಾಯಿ" ಎಂದು ನೀರಿನ ತಂಬಿಗೆ ಮುಂದಿಟ್ಟಳು. ಆಮೇಲಿನಿಂದ ಚಪ್ಪಲಿ ಕೊಳ್ಳಬೇಕೆಂದು ರೊಕ್ಕವನ್ನು ಲಂಗದ ತುದಿಗೆ ಗಂಟು ಕಟ್ಟತೊಡಗಿದೆ.

ಒಂದು ಸಂತೆಯ ಮಧ್ಯಾಹ್ನ ಹಾನಗಲ್ ಕಡೆಯವನೊಬ್ಬ ಬಂದು, ಅಲ್ಲಿ ಚಿಗವ್ವನ ತಾಯಿ ಹಾಸಿಗೆ ಹಿಡಿದಿದ್ದಾಳೆ, ಮಗಳನ್ನು ಕೇಳುತ್ತಿದ್ದಾಳೆ ಎಂದು ಹೇಳಿ ಹೋದ. ಅಷ್ಟರಲ್ಲಿ ಗಂಡ ಬಂದು ಎಂದಿನಂತೆ ಮಾರಾಟದ ದುಡ್ಡನ್ನೆಲ್ಲ ಎಣಿಸಿ ಜೇಬಿಗಿಳಿಸಿದ. ಚಿಗವ್ವ ಬಸ್ಸಿಗೆ ದುಡ್ಡು ಕೇಳಿದರೆ "ಸಂತಿ ಬಿಟ್ಟು ಎಲ್ಲಿಗೆ ಹೊಂಟಿ? ಮುಂದಿನ ವಾರ ಹೋಗಿಯಂತ" ಎಂದು ನಡೆದೇಬಿಟ್ಟ.

ಸ್ವಲ್ಪ ಹೊತ್ತು ಎಲೆಗಳ ಮೇಲೆ ನೀರು ಚಿಮುಕಿಸುತ್ತ ಕುಳಿತಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿನ್ನ ಗಂಟಿನ್ಯಾಗ ಎಷ್ಟೈತಿ?"

"ಯಾಕಬೇ?"

"ಹಾನಗಲ್ ಬಸ್ಸಿಗೆ ಬೇಕಾಗೇತಿ. ಮುಂದಿನ ಸಂತಿಗೆ ಕೊಡ್ತೇನಿ."

"ಕೊಡದಿದ್ರ?"

"ಈ ಎಲಿ ಎಲ್ಲಾ ನಿನಗ."

"ಎಲಿ ನಿನ್ನ ಗಂಡನವು. ನಿನ್ನವೆಲ್ಲೆದಾವ?"

ಚೇಷ್ಟೆಗೆ ಅಂದದ್ದು. ಎಲ್ಲದಕ್ಕೂ ನಗುವವಳು ಅದಕ್ಕೆ ನಗಲಿಲ್ಲ. ನಾನು ಗಂಟು ಬಿಚ್ಚಿ ಕೊಟ್ಟೆ. ಅವಳು ಬಸ್ ಸ್ಟ್ಯಾಂಡಿನ ಕಡೆ ಓಡಿದಳು. ಅವಳ ಎಲೆಗಳನ್ನು ನಾವು ಹುಡುಗರೇ ಸಂಜೆಯವರೆಗೆ ಮಾರಿದೆವು.

ತಾಯಿ ಅವಳ ಕೈಯಿಂದ ಕುಟ್ಟಿದ ಎಲೆ-ಅಡಿಕೆ ತಿಂದು, ಎರಡು ದಿನ ಮಾತಾಡಿ, ಆಮೇಲೆ ಹೋದಳಂತೆ.

ತಾಯಿಯ ದಿನಕರ್ಮ ಮುಗಿಸಿ ಸಂತೆಗೆ ಮರಳಿದವಳು ಮೊದಲು ನನ್ನ ಸಾಲ ತೀರಿಸಿದಳು. ಯಾರಿಂದ ತಂದಳೋ ಗೊತ್ತಿಲ್ಲ... ಆಮೇಲೆ ಇನ್ನೊಂದು ಗೋಣಿಯ ತುಂಡು ತಂದು ನಮ್ಮ ಸಾಲಿನ ಕೊನೆಗೆ ಹಾಸಿದಳು. ಅದರ ಮೇಲೆ ನಮ್ಮಷ್ಟೇ ಎಲೆ ಇಟ್ಟುಕೊಂಡು ಕುಳಿತಳು. ಗಂಡನ ಎಲೆಯ ದೊಡ್ಡ ಬುಟ್ಟಿಯನ್ನೂ ಅಲ್ಲಿಂದಲೇ ನೋಡಿಕೊಂಡಳು. ಸಂಜೆ ಗಂಡ ಬುಟ್ಟಿಯ ದುಡ್ಡು ತೆಗೆದುಕೊಂಡು, ಗೋಣಿಯ ತುಂಡಿನ ಕಡೆ ಮತ್ತೆ ಕೈ ಚಾಚಿದ.

"ಅದರದು?"

"ಎಲಿ ಬೆಲಿ ಬುಟ್ಟಿ ರೊಕ್ಕದಾಗ ಹಾಕೇನ್ರಿ. ಇದು ಸಂತಿ ರೊಕ್ಕ."

"ನೀ ಏನ್ ಸಣ್ಣ ಹುಡುಗಿ ಅದಿಯೇನ?"

"ಹುಡುಗರ ಸಾಲಿನ್ಯಾಗ ಕುಂತೇನಲ್ರಿ. ಈ ಸಾಲಿನ ರೊಕ್ಕ ಯಾರೂ ಕೇಳಂಗಿಲ್ಲ."

ಪಕ್ಕದ ಕಾಯಿಪಲ್ಲೆಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅವನು ಅವರನ್ನು ನೋಡಿದ, ನಮ್ಮನ್ನು ನೋಡಿದ, ಟೊಪ್ಪಿಗೆ ಸರಿಮಾಡಿಕೊಂಡು ಹೋದ. ನಾನು ಮದುವೆಯಾಗಿ ಹಾನಗಲ್ಲಿಗೆ ಬರುವವರೆಗೂ ಚಿಗವ್ವ ನಮ್ಮ ಸಾಲಿನಲ್ಲೇ ಕುಳಿತಳು. ಅವಳು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ಹೋಗಲಿಲ್ಲ. ಹೋಗಿ ಮಾಡುವುದೇನಿತ್ತು...

ಈಗ ನನ್ನ ಪೆನ್ಶನ್ ಬರುವ ಬ್ಯಾಂಕಿನ ಕಾರ್ಡು ಮಗನ ಹತ್ತಿರ ಇರುತ್ತದೆ. ಅವನು ಕೆಟ್ಟವನಲ್ಲ. ಗುಳಿಗೆ ತರುತ್ತಾನೆ, ಸೀರೆ ತರುತ್ತಾನೆ. ಒಂದನೇ ತಾರೀಖಿಗೆ ಮೊಮ್ಮಗಳ ಫೋನಿಗೆ ಕೈಖರ್ಚಿನ ದುಡ್ಡು ಹಾಕುತ್ತಾನೆ. ಮಕ್ಕಳಿಗೆ ಜವಾಬ್ದಾರಿ ಬರಬೇಕು, ಲೆಕ್ಕ ಕೇಳಬಾರದು ಎನ್ನುತ್ತಾನೆ. ನಾನು ಕಾರ್ಡು ಕೇಳಿದೆ.

"ನಿನಗ್ಯಾಕಬೇ ಕಾರ್ಡು? ಏನ್ ಬೇಕು ಹೇಳು, ತಂದು ಕೊಡ್ತೇನಿ."

ನನಗೆ ಏನೂ ಬೇಕಾಗಿರಲಿಲ್ಲ. ನನ್ನ ರೊಕ್ಕ ನನ್ನ ಕೈಯಲ್ಲಿರಬೇಕಿತ್ತು, ಅಷ್ಟೆ. ಈ ವಯಸ್ಸಿನಲ್ಲಿ ಜಗಳಕ್ಕೂ ಬಲ ಬೇಕು.

ಬರುವ ಒಂದನೇ ತಾರೀಖಿಗೆ ಮೊಮ್ಮಗಳ ಪಕ್ಕದಲ್ಲೇ ಕುಳಿತು ಕೈಖರ್ಚಿಗೆಂದು ನಾನೂ ನನ್ನ ಫೋನು ಮುಂದೆ ಹಿಡಿಯಬೇಕೆಂದಿದ್ದೇನೆ. ಮಗ ಏನನ್ನುತ್ತಾನೋ ನೋಡೋಣ. ಚಿಗವ್ವ ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹೇಳೋಣವೆಂದರೆ ಅವಳಿಲ್ಲ.