ಲಂಡನ್ನಿಗೆ ಹೊರಟ ಮೊಗ್ಗು

ಹೊಸೂರಿನ ಬಸ್ ನಿಲ್ದಾಣದಲ್ಲಿ ತಳಿ ಎಂಬ ಊರಿನಿಂದ ಬರುವ ಹೂವಮ್ಮನ ಬುಟ್ಟಿಯ ಮುಂದೆ ನಿಂತು, ಲಂಡನ್ನಿನಲ್ಲಿರುವ ತಂಗಿಯ ಸೀಮಂತಕ್ಕೆಂದು ಮಲ್ಲಿಗೆ ಕೇಳಿದೆ. ಅರಳಿದ ದಂಡೆಗೆ ಕೈಹಾಕಿದವಳು ತಡೆದು, "ಎಷ್ಟು ದೂರ ಕಣಮ್ಮ ಅದು?" ಎಂದಳು.

"ಬೆಂಗಳೂರಿಂದ ಬೊಂಬಾಯಿ, ಅಲ್ಲಿಂದ ಏಳು ಸಾವಿರ ಕಿಲೋಮೀಟರ್ ಮೇಲಾಗುತ್ತೆ."

"ಕಿಲೋಮೀಟ್ರು ಕಟ್ಕೊಂಡು ಹೂವ್ಗೇನಾಗ್ಬೇಕು? ಎಷ್ಟೊತ್ತಾಯ್ತದೆ, ಅದ ಯೋಳಿ."

ಬೊಂಬಾಯಿಂದ ವಿಮಾನದಲ್ಲೇ ಹತ್ತು ಗಂಟೆ, ಇಲ್ಲಿಂದ ಲೆಕ್ಕ ಹಾಕಿದರೆ ನಾಳೆ ಇದೇ ಹೊತ್ತು ಎಂದೆ. ದಂಡೆಯನ್ನು ಬದಿಗಿಟ್ಟು, ಬುಟ್ಟಿಯ ತಳದಿಂದ ಇನ್ನೂ ಹಸಿರು ಬಿಡದ ಎಳೆ ಮೊಗ್ಗುಗಳನ್ನು ಆರಿಸಿ ಕಟ್ಟತೊಡಗಿದಳು. ಅಷ್ಟರಲ್ಲಿ ಬೆಂಗಳೂರು ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಅದು ತಪ್ಪಿದರೆ ನನಗೆ ವಿಮಾನವೂ ತಪ್ಪಿದಂತೆ. ಅವಳು ತಲೆ ಎತ್ತದೆಯೇ, "ಇರಪ್ಪ, ಸೀಮಂತದ ಹೂವು" ಎಂದಳು. ಅವನು ಸೀಟಿಯನ್ನು ಜೇಬಿಗೆ ಹಾಕಿಕೊಂಡ. ಬಸ್ಸಿನೊಳಗಿನ ಪುಣ್ಯಾತ್ಮರು ಯಾರೂ ಗೊಣಗಲಿಲ್ಲ.

ಒದ್ದೆ ಬಾಳೆಲೆಯ ಪೊಟ್ಟಣ ನನ್ನ ಕೈಗಿಟ್ಟು, "ಈಗ ಮೂಸಬ್ಯಾಡಿ, ವಾಸ್ನೆ ಇರಾಕಿಲ್ಲ. ನೀವು ಇಳಿಯೋ ಹೊತ್ಗೆ ಬತ್ತದೆ" ಎಂದಳು.

ಲಂಡನ್ ಬಂತು, ಸೊಂಟದ ಪಟ್ಟಿ ಕಟ್ಟಿಕೊಳ್ಳಿ ಎಂದು ಈಗ ವಿಮಾನದಲ್ಲಿ ಹೇಳುತ್ತಿದ್ದಾರೆ. ಪಕ್ಕದ ಸೀಟಿನ ಇಂಗ್ಲಿಷ್ ಅಜ್ಜಿ ನಿದ್ದೆಯಿಂದೆದ್ದು, ಎಲ್ಲಿಂದ ಈ ಪರಿಮಳ ಎಂದು ಸುತ್ತ ನೋಡುತ್ತಿದ್ದಾಳೆ.