ಸುಣ್ಣ ಹಾಕಿ ಹೂತ ಫ್ಲಾಪಿ

ಹುಣಸೂರಿನ ಮುಬಷೀರ್ ಒಂದು ಕಡೆ ಕೂತವನಲ್ಲ. ಅವನ ಅಪ್ಪ ಗಡಿಯಾರ ರಿಪೇರಿ ಮಾಡುತ್ತ ನಲವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತಿದ್ದರು. ಅವರು ಕೂತದ್ದಕ್ಕೆಲ್ಲ ಸೇರಿಸಿ ಮಗ ಓಡಾಡಿದ. ಹೆಗಲಿಗೊಂದು ರೆಕ್ಸಿನ್ ಚೀಲ. ಅದರಲ್ಲಿ ಎರಡು ಸ್ಕ್ರೂಡ್ರೈವರ್, ಧೂಳು ಹೊಡೆಯಲು ಬಣ್ಣದ ಬ್ರಷ್ಷು, ವಿಂಡೋಸ್ ತೊಂಬತ್ತೆಂಟರ ಸೀಡಿ. ಬೆಳಿಗ್ಗೆ ಪಿರಿಯಾಪಟ್ಟಣ, ಮಧ್ಯಾಹ್ನ ಕೆ.ಆರ್. ನಗರ, ಮರುದಿನ ಎಚ್.ಡಿ. ಕೋಟೆ. ಮನೆಗೆ ಕಂಪ್ಯೂಟರ್ ತಂದವರು ಆಗ ಇಲ್ಲೆಲ್ಲ ಬೆರಳೆಣಿಕೆಯಷ್ಟು. ಮಾರಿದ ಅಂಗಡಿಗಳೆಲ್ಲ ಮೈಸೂರಿನಲ್ಲಿ. ಮಾರುವಾಗ ಕುರ್ಚಿ ಎಳೆದು ಕೂರಿಸಿದ ಅಂಗಡಿಯವರು ಯಂತ್ರ ಕೆಟ್ಟಾಗ ಫೋನೇ ಎತ್ತುತ್ತಿರಲಿಲ್ಲ. ಎತ್ತಿದರೂ ಒಂದೇ ಮಾತು: "ಫಾರ್ಮ್ಯಾಟ್ ಹೊಡೆಸಿಬಿಡಿ."

ಗದ್ದೆಗೆ ಔಷಧಿ ಹೊಡೆಸಿದ ಹಾಗೆ, ಗೋಡೆಗೆ ಬಣ್ಣ ಹೊಡೆಸಿದ ಹಾಗೆ. ಬಣ್ಣ ಹೊಡೆಸಿದರೆ ಗೋಡೆಯಾದರೂ ಉಳಿಯುತ್ತದೆ. ಫಾರ್ಮ್ಯಾಟ್ ಹೊಡೆಸಿದರೆ ಒಳಗಿದ್ದ ಪತ್ರ, ಪಟ್ಟಿ, ಬರಹ ಒಂದೂ ಉಳಿಯುವುದಿಲ್ಲ. ಈ ಎರಡನೆಯ ಮಾತನ್ನು ಗಿರಾಕಿಗೆ ಹೇಳುವ ಸೌಜನ್ಯ ಎಷ್ಟು ಜನಕ್ಕಿತ್ತು?

ಮುಬಷೀರನಿಗೆ ಅವರಿಗಿಂತ ಹೆಚ್ಚು ಗೊತ್ತಿತ್ತು, ಅದು ನಿಜ. ಹರಾಜಿನಲ್ಲಿ ಬಂದ ಹಳೆಯ ಯಂತ್ರವೊಂದನ್ನು ಹನ್ನೊಂದು ಸಲ ಕೆಡಿಸಿ, ಹನ್ನೊಂದು ಸಲ ಎಬ್ಬಿಸಿ ಕಲಿತವನು. ರದ್ದಿ ಅಂಗಡಿಯಿಂದ ಇಂಗ್ಲಿಷಿನ ಕಂಪ್ಯೂಟರ್ ಪತ್ರಿಕೆಗಳನ್ನು ಹೊತ್ತು ತರುತ್ತಿದ್ದ. ತಂಗಿ ಇಕ್ರಾ ಡಿಕ್ಷನರಿ ಹಿಡಿದು ಅರ್ಥ ಹೇಳುತ್ತಿದ್ದಳು. ಹಾಗೆ ಕಲಿತದ್ದನ್ನು ಮನೆಮನೆಗೆ ಹಂಚುತ್ತಿದ್ದ. ಯಂತ್ರ ಅರ್ಧಕ್ಕೆ ನಿಂತರೆ ಸೇಫ್ ಮೋಡಿನಲ್ಲಿ ಎಬ್ಬಿಸಿ. ಆನ್ ಮಾಡಿದೊಡನೆ ತಾವಾಗಿಯೇ ಎದ್ದು ಕೂರುವ ಪ್ರೋಗ್ರಾಮುಗಳನ್ನು ಕಿತ್ತುಹಾಕಿ. ಡಿಸ್ಕಿನಲ್ಲಿ ಚದುರಿದ್ದನ್ನು ಒಟ್ಟುಗೂಡಿಸಲು ವಾರಕ್ಕೊಮ್ಮೆ ಡಿಫ್ರ್ಯಾಗ್ ಹಾಕಿ ಊಟಕ್ಕೆ ಹೋಗಿ, ನಡುವೆ ಮೌಸ್ ಮುಟ್ಟಬೇಡಿ.

ಕೆ.ಆರ್. ನಗರದ ರಾಮಮ್ಮ ಒಂದು ದಿನ ಬಾಗಿಲಲ್ಲೇ ತಡೆದರು. ಪರದೆಯ ಮೇಲೆ ಇಲ್ಲೀಗಲ್ ಆಪರೇಷನ್ ಎಂಬ ಇಂಗ್ಲಿಷಿನ ಎಚ್ಚರಿಕೆ ಬಂದಿತ್ತು. ಮೊಮ್ಮಗಳು ಓದಿ ಹೇಳಿದ್ದಳು.

"ಆಪ್ರೇಸನ್ನಂತೆ ಕಣಪ್ಪ, ಅದೂ ಕಾನೂನಿಗೆ ವಿರುದ್ದವಂತೆ. ನಮ್ಮನೇಲಿ ಆಪ್ರೇಸನ್ ಆಗಿರೋದು ನನಗೊಬ್ಬಳಿಗೇಯ. ಅದು ಸರ್ಕಾರಿ ಕ್ಯಾಂಪಲ್ಲಿ, ಬಕೀಟು ಕೊಟ್ಟು ಮಾಡಿದ್ದು."

ಮುಬಷೀರ್ ನಕ್ಕ. ನಗುವುದು ಸುಲಭ. ಆ ತಾಯಿಗೆ ಅರ್ಥವಾಗದ ಭಾಷೆಯಲ್ಲಿ ಅವರ ಮನೆಯೊಳಗೇ ಗದರಿಸುವ ಯಂತ್ರ ಮಾಡಿದವರನ್ನು ಕೇಳುವವರು ಯಾರು?

ಎರಡು ಸಾವಿರದ ಒಂದನೆಯ ಇಸವಿ. ಬಿಳಿಕೆರೆಯ ವೀರಭದ್ರಸ್ವಾಮಿ ಪಶು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಮಗಳು ಕೊಡಿಸಿದ ಕಂಪ್ಯೂಟರಿನಲ್ಲಿ ಎರಡು ಬೆರಳಲ್ಲಿ ಕನ್ನಡ ಕುಟ್ಟುತ್ತಿದ್ದರು. ಯಾವ ಹಸುವಿಗೆ ಯಾವ ಕಾಯಿಲೆ ಹೇಗೆ ಶುರುವಾಗುತ್ತದೆ, ಡಾಕ್ಟರು ಬರುವ ತನಕ ಮನೆಯವರು ಏನು ಮಾಡಬೇಕು, ಏನು ಮಾಡಬಾರದು: ಎಲ್ಲ ನೆನಪಿನಿಂದ. ಕಾಗದದ ಪ್ರತಿ ಇರಲಿಲ್ಲ. ನೂರ ಅರವತ್ತು ಪುಟವಾಗಿತ್ತು.

ಯಂತ್ರ ನಿಧಾನ ಎಂದು ಅವರು ಮುಬಷೀರನನ್ನು ಕರೆಸಿದರು. ಆ ವಾರವಷ್ಟೇ ಅವನು ಪತ್ರಿಕೆಯಲ್ಲಿ ಒಂದು ಸಲಹೆ ಓದಿದ್ದ: ಬಳಸದ ಫಾಂಟುಗಳನ್ನು, ಅಂದರೆ ಅಕ್ಷರದ ಅಚ್ಚುಗಳನ್ನು, ಅಳಿಸಿರಿ, ಯಂತ್ರ ಚುರುಕಾಗುತ್ತದೆ. ಬರೆದವನ ಮಟ್ಟಿಗೆ ಅದು ಸರಿ. ಅವನ ಅಕ್ಷರ ಯಂತ್ರದ ಹುಟ್ಟಿನಲ್ಲೇ ಇದೆ, ಏನು ಅಳಿಸಿದರೂ ಉಳಿಯುತ್ತದೆ. ನಮ್ಮ ಅಕ್ಷರ ಆ ಯಂತ್ರದಲ್ಲಿ ಬಾಡಿಗೆಗೆ ಬಂದು ಕೂತದ್ದು. ಕನ್ನಡದ ಫಾಂಟಿನ ಹೆಸರು ಕೂಡ ಇಂಗ್ಲಿಷಿನಲ್ಲೇ, ಒಗಟಿನ ಹಾಗೆ. ಮುಬಷೀರ್ ಪಟ್ಟಿಯಲ್ಲಿ ಗುರುತು ಸಿಕ್ಕಿದ ಹೆಸರು ಉಳಿಸಿಕೊಂಡ, ಸಿಗದಿದ್ದನ್ನೆಲ್ಲ ಅಳಿಸಿದ. ಯಂತ್ರ ಚುರುಕಾಯಿತು. ವೀರಭದ್ರಸ್ವಾಮಿ ಬೆನ್ನು ತಟ್ಟಿ, ಮಾರನೆಯ ದಿನ ಮಗಳ ಊರಿಗೆ ಹೋದರು.

ಹದಿನೈದು ದಿನ ಬಿಟ್ಟು ಬಂದು ಕಡತ ತೆರೆದರೆ ಕನ್ನಡವೇ ಇಲ್ಲ. ನೆತ್ತಿಯ ಮೇಲೆ ಗೆರೆ ಹೊತ್ತ ಎ, ಪೌಂಡಿನ ಗುರುತು, ಮತ್ತೆ ಗೆರೆ ಹೊತ್ತ ಎ. ನೂರ ಅರವತ್ತು ಪುಟವೂ ಹಾಗೆಯೇ. ಓಡಿಬಂದ ಮುಬಷೀರ್ ನೋಡಿದ. ಅವನಿಗೂ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಹೇಳಲಿಲ್ಲ.

"ವೈರಸ್ ಸರ್," ಅಂದ. "ಬರೆದಿದ್ದನ್ನೆಲ್ಲ ತಿಂದ್ಬಿಟ್ಟಿದೆ."

ಮೈಸೂರಿನವರಂತೆಯೇ ಫಾರ್ಮ್ಯಾಟ್ ಹೊಡೆದ. ಪ್ರೆಸ್ಸಿಗೆ ಕೊಡಲೆಂದು ಕಡತದ ನಕಲೊಂದನ್ನು ಹಾಕಿಟ್ಟಿದ್ದ ಫ್ಲಾಪಿಯನ್ನು ವೀರಭದ್ರಸ್ವಾಮಿ ತಂದುಕೊಟ್ಟರು. ಅದರಲ್ಲೂ ಅದೇ ಗೀಚು. "ಇದಕ್ಕೂ ಹತ್ತಿದೆ. ಯಾವ ಮಿಷಿನ್ನಿಗೂ ಹಾಕ್ಬೇಡಿ ಸರ್, ಅಂಟುತ್ತೆ," ಎಂದು ಹೇಳಿ ಬಸ್ಸು ಹತ್ತಿದ.

ಏಳೆಂಟು ತಿಂಗಳ ಮೇಲೆ, ಪಿರಿಯಾಪಟ್ಟಣದ ನೀಲಾಂಬಿಕೆಯ ಮನೆ. ಆಕೆ ಮದುವೆ ಕಾರ್ಡು, ಕರಪತ್ರ ಟೈಪು ಮಾಡುವವಳು. ಮುಬಷೀರನಿಗೆ ಅಕ್ಕನ ಸಮಾನ. ಹಿಂದಿನ ದಿನವಷ್ಟೇ ಅವಳ ಯಂತ್ರವನ್ನೂ ಅವನು ಚುರುಕು ಮಾಡಿದ್ದ. ಹಳೆಯ ಕಾರ್ಡೊಂದನ್ನು ತೆರೆದರೆ ಅದೇ ಗೀಚು. ಮುಬಷೀರ್ ಚೀಲದಿಂದ ಸೀಡಿ ತೆಗೆದ.

"ಅದೇನು ಸೀಡಿ?" ಅಂದಳು.

"ವೈರಸ್ ನೀಲಕ್ಕ. ಫಾರ್ಮ್ಯಾಟ್ ಹೊಡೀಬೇಕು."

"ಕೈ ತೆಗಿ. ಓದು ಇದನ್ನ. ದೊಡ್ಡ ಪಿ ಐತಲ್ಲ, ಅದು ಕ. ಪೌಂಡು ಅಂದ್ರೆ ನ. ದೊಡ್ಡ ಸಿ ಅಂದ್ರೆ ಅ. ಆರು ವರ್ಷದಿಂದ ಕುಟ್ತಾ ಇವ್ನಿ, ನನ್ನ ಕನ್ನಡ ಬೆತ್ತಲೆ ನಿಂತ್ರೂ ಗುರುತು ಹಿಡೀತೀನಿ."

"ಅಂದ್ರೆ?"

"ಅಂದ್ರೆ ಒಳಗಿರೋದು ಹಂಗೇ ಐತೆ ಕಣೋ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕ್ತದೆ. ಫಾಂಟು ಯಾವನೋ ತೆಗ್ದವ್ನೆ. ದುರ್ಯೋಧನನ ಪಾರ್ಟ್ ಮಾಡೋನ ಡ್ರೆಸ್ ಬಿಚ್ಚುದ್ರೆ ಮನುಷ್ಯ ಸತ್ತೋಯ್ತಾನಾ?"

ಬೀರುವಿನಿಂದ ಫ್ಲಾಪಿ ತಂದು ಫಾಂಟು ಹಾಕಿದಳು. ಯಂತ್ರ ಮುಚ್ಚಿ ತೆರೆದಳು. 'ಶ್ರೀಮತಿ ಮತ್ತು ಶ್ರೀ' ಎಂದು ಶುರುವಾಗಿ ಮದುವೆ ಕಾರ್ಡು ಅಷ್ಟೂ ಎದ್ದು ನಿಂತಿತು. ಒಂದು ಕೊಂಬು, ಒಂದು ಒತ್ತು ಆಚೀಚೆಯಾಗಿರಲಿಲ್ಲ.

ಮುಬಷೀರನ ಮುಖ ನೋಡಿ ಅವಳೇ ಕೇಳಿದಳು, "ಯಾವನೋ ಅಂದ್ನಲ್ಲ, ನೀನೇನಾ?"

"ನಾನೇ. ಬಿಳಿಕೆರೆ ಕಾಂಪೌಂಡರ್‌ದು ಹಿಂಗೇ ಆಗಿತ್ತಕ್ಕ. ಫಾರ್ಮ್ಯಾಟ್ ಹೊಡ್ದೆ."

"ಫ್ಲಾಪೀಲಿ ಇಕ್ಕಿದ್ರಾ?"

"ಒಂದಿತ್ತು."

"ಮತ್ತಿನ್ನೇನು, ಅದು ಜೀವಂತವಾಗೈತೆ. ಹೋಗಿ ಕೇಳು."

ಕೇಳಬೇಕಾದರೆ ಹೇಳಬೇಕು. ಸುಳ್ಳು ಹೇಳಿದ್ದೆ ಎಂದು ಹೇಳದೆ ಆ ಫ್ಲಾಪಿ ಕೇಳುವ ದಾರಿಯಿಲ್ಲ. ಹೇಳಿದರೆ ನಾಲ್ಕು ತಾಲ್ಲೂಕಿನಲ್ಲಿ ಸಂಪಾದಿಸಿದ ಹೆಸರು ಹೋಗುತ್ತದೆ. ಸಾಮಾನು ತರಲು ವಾರಕ್ಕೊಮ್ಮೆ ಮೈಸೂರಿಗೆ ಹೋಗುತ್ತಿದ್ದ. ಬಿಳಿಕೆರೆಯಲ್ಲಿ ಬಸ್ಸು ನಿಂತಾಗ ತಲೆ ತಗ್ಗಿಸಿ ಚಪ್ಪಲಿಯ ಬಕಲ್ ಸರಿಮಾಡುತ್ತಿದ್ದ. ಸರಿಯಿದ್ದ ಬಕಲ್. ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ. ಎರಡು ತಿಂಗಳು ಹಾಗೇ ಕಳೆದವು. ಊಟಕ್ಕೆ ಕೂತರೆ ಅರ್ಧಕ್ಕೆ ಏಳುವನು, ಒಬ್ಬರ ಮನೆಯಲ್ಲಿ ಸ್ಕ್ರೂ ಬಿಚ್ಚಿಟ್ಟು ಇನ್ನೊಬ್ಬರ ಮನೆಗೆ ಹೊರಡುವನು. ಇಂಥ ಚಡಪಡಿಕೆಯನ್ನು ಕಂಡು ಅಯ್ಯೋ ಪಾಪ ಎನ್ನುವವರಿದ್ದಾರೆ. ನಾನು ಅನ್ನುವುದಿಲ್ಲ. ಆ ಎರಡು ತಿಂಗಳೂ ಬಿಳಿಕೆರೆಯ ಮುದುಕರು ತಮ್ಮ ಬರಹವನ್ನು ರೋಗ ತಿಂದಿತೆಂದೇ ನಂಬಿ ಕೂತಿದ್ದರು.

ಅವರೆಕಾಯಿಯ ಕಾಲ. ಒಂದು ಬೆಳಿಗ್ಗೆ ಕಂಡಕ್ಟರು ಸೀಟಿ ಊದಿದ ಮೇಲೆ ಮುಬಷೀರ್ ಎದ್ದು, ಹೊರಟ ಬಸ್ಸನ್ನು ನಿಲ್ಲಿಸಿ ಇಳಿದ. ವೀರಭದ್ರಸ್ವಾಮಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನಿಂತೇ ಹೇಳಿದ.

"ಸರ್, ಆವತ್ತು ವೈರಸ್ ಅಂದ್ನಲ್ಲ, ವೈರಸ್ ಇರ್ಲಿಲ್ಲ. ಕನ್ನಡದ ಫಾಂಟು ನಾನೇ ಅಳಿಸಿದ್ದೆ. ನೀವು ಬರ್ದಿದ್ದು ಹಂಗೇ ಇತ್ತು. ಅದರ ಮೇಲೆ ಫಾರ್ಮ್ಯಾಟ್ ಹೊಡ್ದೆ."

ಮುದುಕರು ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿದರು. "ಹಂಗೇ ಇತ್ತಾ?"

"ಇತ್ತು ಸರ್."

"ನೂರ ಅರವತ್ತೂ?"

"ಅಷ್ಟೂ. ಆ ಫ್ಲಾಪಿ ಕೊಡಿ ಸರ್, ಅದ್ರಲ್ಲೂ ಹಂಗೇ ಇರ್ತದೆ."

"ಅದನ್ನ ಹೂತೆ."

"ಹೂತ್ರಾ?"

"ನೀನೇ ಹೇಳ್ದಲ್ಲಪ್ಪ, ಅಂಟ್ತದೆ ಅಂತ. ಅಂಟುರೋಗದ್ದನ್ನ ತಿಪ್ಪೆಗೆ ಎಸೆಯೋಕಾಯ್ತದಾ? ನೆರಡಿ ಬಂದು ಸತ್ತ ದನಕ್ಕೆ ಏನ್ಮಾಡ್ತಿದ್ನೋ ಅದನ್ನೇ ಮಾಡ್ದೆ. ಗುಂಡಿ ತೋಡ್ದೆ, ಸುಣ್ಣ ಸುರಿದೆ, ಮುಚ್ದೆ."

ಇಲ್ಲಿ ನಗುವವರು ದಯವಿಟ್ಟು ಮುಂದೆ ಓದಬೇಡಿ. ಆ ಕೈ ಹಾಗೆ ಸುಣ್ಣ ಸುರಿದದ್ದರಿಂದಲೇ ಮೂವತ್ತೊಂದು ವರ್ಷ ಈ ಭಾಗದ ಕೊಟ್ಟಿಗೆಗಳು ಉಳಿದವು. ವೈರಸ್ ಎಂಬ ಮಾತನ್ನು ನಮ್ಮ ಪಂಡಿತರು ಬಾಯಿಗೆ ಬಂದ ಹಾಗೆ ಬಳಸಿದರು. ಆ ಮಾತಿಗೆ ತಕ್ಕಂತೆ ನಡೆದುಕೊಂಡವರು ಇವರೊಬ್ಬರೇ.

ಹಿತ್ತಲಿನ ಹಲಸಿನ ಮರದ ಬುಡದಲ್ಲಿ ಅಗೆದರು. ಮೂರಡಿಗೆ ಸುಣ್ಣದ ಹೆಂಟೆ, ಅದರೊಳಗೆ ಫ್ಲಾಪಿ. ಒಂದು ಇಡೀ ಮಳೆಗಾಲ ಕುಡಿದಿತ್ತು. ಮುಬಷೀರ್ ಹೊರಗಿನ ಚಿಪ್ಪು ಬಿಡಿಸಿ, ಒಳಗಿನ ತೆಳ್ಳನೆಯ ಬಿಲ್ಲೆಯನ್ನು ಶುದ್ಧ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬೇರೆ ಫ್ಲಾಪಿಯ ಚಿಪ್ಪಿನಲ್ಲಿ ಕೂರಿಸಿದ. ಯಂತ್ರಕ್ಕೆ ಹಾಕಿದ. ಗರ್ರ್ ಎಂದಿತು. ಓದಲಾಗದು, ಮತ್ತೆ ಯತ್ನಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ಹೂಂ ಎಂದು ಒತ್ತಿದ. ಗರ್ರ್. ಮತ್ತೆ ಒತ್ತಿದ. ಬಿಲ್ಲೆ ತೆಗೆದ, ಒರೆಸಿದ, ಹಾಕಿದ, ಒತ್ತಿದ. ಊಟದ ಹೊತ್ತು ಮೀರಿತು. ಒತ್ತುತ್ತಲೇ ಇದ್ದ.

"ಬುಡು," ಅಂದರು ವೀರಭದ್ರಸ್ವಾಮಿ. "ಸತ್ತದೆ."

"ಇನ್ನೊಂದ್ಸಲ ಸರ್."

"ಬುಡು ಅಂದೆ. ಈ ಫಾಂಟು ತೆಗೆಯೋ ಕೆಲ್ಸ ಇನ್ನೆಷ್ಟು ಮನೇಲಿ ಮಾಡಿದೀಯ?"

ಮುಬಷೀರ್ ಬೆರಳು ಮಡಿಚಿ ಎಣಿಸಿದ. ಹಂಪಾಪುರ ಒಂದು, ಕೋಟೆ ಎರಡು, ಕೆ.ಆರ್. ನಗರ ಐದು. ಮಿಕ್ಕವು ಹುಣಸೂರು, ಪಿರಿಯಾಪಟ್ಟಣದವು. "ಹತ್ತೊಂಬತ್ತು."

"ಎಲ್ರಿಗೂ ಹೇಳಿದೀಯ?"

"ಇಲ್ಲ ಸರ್."

"ಒಂದು ದನ ಬಿದ್ರೆ ಕಾಂಪೌಂಡರಾದೋನು ಅದರ ಮುಂದೆ ಕೂತ್ಕಂಡು ಅಳಲ್ಲ. ಊರಲ್ಲಿ ಮಿಕ್ಕಿರೋವಕ್ಕೆ ಸೂಜಿ ಚುಚ್ಚೋಕೆ ಓಡ್ತಾನೆ. ಏಳು."

"ನಿಮ್ಮದು ಸರ್?"

"ನಂದು ಸತ್ತೋಯ್ತು. ಹೋಗ್ಲಿ ಬುಡಪ್ಪ ಅಂತ ನನ್ ಬಾಯಲ್ಲಿ ಅನ್ನಿಸ್ಕಂಡು ಹೋಗವಾ ಅಂತ ಬಂದಿದ್ರೆ, ಅದಾಗಲ್ಲ. ಹೊರಡು."

ಮರುದಿನ ಬೆಳಿಗ್ಗೆ ನೀಲಾಂಬಿಕೆಯಿಂದ ಫಾಂಟಿನ ಫ್ಲಾಪಿ ಪಡೆದ ಮುಬಷೀರ್ ಮಧ್ಯಾಹ್ನ ಹಂಪಾಪುರದಲ್ಲಿದ್ದ. ಅಲ್ಲಿನ ಶಾಂತಲಾ ಶಾಲೆಯ ಟೀಚರು. ಮೂರು ವರ್ಷದ ಪಾಠದ ಟಿಪ್ಪಣಿ ಅವಳ ಯಂತ್ರದಲ್ಲಿತ್ತು. ಬಹಳ ದಿನದ ಮೇಲೆ ಅದನ್ನು ತೆರೆದು, ಗೀಚು ಕಂಡು ವಾರವಾಗಿತ್ತು. ಫಾರ್ಮ್ಯಾಟ್ ಹೊಡೆಯಲು ನಾಳೆ ಮೈಸೂರಿನಿಂದ ಎಂಜಿನಿಯರು ಬರುವವನಿದ್ದ. ಮುಬಷೀರ್ ಫಾಂಟು ಹಾಕಿ, ಯಂತ್ರ ಮುಚ್ಚಿ ತೆರೆದ. 'ಪಾಠ ಒಂದು' ಎಂದು ಕನ್ನಡ ಬಂತು. ಅವಳು ಕೊನೆಯ ಪುಟದವರೆಗೂ ಇಳಿಸಿ ನೋಡಿದಳು.

"ಕೆಡಿಸಿದ್ದು ಯಾರು ಇದನ್ನ?"

"ನಾನೇ ಮೇಡಂ. ಗೊತ್ತಿಲ್ದೆ."

"ಗೊತ್ತಾಗಿ ಎಷ್ಟು ದಿನ ಆಯ್ತು?"

"ಎರಡು ತಿಂಗಳು. ಕೋಟೇಲಿ ಇನ್ನೂ ಎರಡು ಮನೇದು ಹಿಂಗೇ ಇದೆ."

ಶಾಂತಲಾ ಫೋನೆತ್ತಿ, ನಾಳೆ ಬರುವುದು ಬೇಡವೆಂದು ಮೈಸೂರಿಗೆ ಹೇಳಿದಳು. ಆಮೇಲೆ ಬಾಗಿಲ ಕಡೆ ನೋಡಿ, "ಹತ್ತು ನಿಮಿಷಕ್ಕೆ ಕೋಟೆ ಬಸ್ಸಿದೆ. ಕಾಫಿ ಕುಡಿಯೋಕೆ ಅಂತ ಕೂತ್ರೆ ತಪ್ಪೋಗ್ತದೆ," ಅಂದಳು.

ಮುಬಷೀರ್ ಚೀಲ ಹೆಗಲಿಗೆ ಹಾಕಿಕೊಂಡು ಓಡಿದ. ಬಸ್ಸು ಸಿಕ್ಕಿತು. ಕೋಟೆಯ ಎರಡು ಮನೆಗಳಲ್ಲಿ ಒಂದರ ಯಂತ್ರಕ್ಕೆ ಮೈಸೂರಿನವರು ಹಿಂದಿನ ವಾರವೇ ಫಾರ್ಮ್ಯಾಟ್ ಹೊಡೆದಾಗಿತ್ತು.