ಸಪ್ಪಳವಿಲ್ಲದ ಬಳೆ

ರೊಟ್ಟಿ ಬಡಿಯಲು ಕೂರುವ ಮೊದಲು ಮುದಕವ್ವ ಅಡುಗೆಮನೆಯಿಂದ ಕೂಗು ಹಾಕುತ್ತಾಳೆ: "ಹಾಕ್ಕೋ!" ಪಡಸಾಲೆಯಲ್ಲಿ ಕುಳಿತ ಕಾಜಲ್ ಕಿವಿ ಮುಚ್ಚುವ ಹಳದಿ ಇಯರ್ ಮಫ್ ಏರಿಸಿಕೊಳ್ಳುತ್ತಾಳೆ. ಮುದಕವ್ವನ ಗಂಡ ದುರ್ಗಪ್ಪ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಮೂವತ್ತು ವರ್ಷ ಮಷೀನಿನ ಪಕ್ಕ ನಿಂತು ನಿವೃತ್ತನಾದ ದಿನ ಅದನ್ನು ಮನೆಗೆ ತಂದಿದ್ದ. ಈಗ ಅದಕ್ಕೆ ಎರಡನೇ ನೌಕರಿ.

ಕಾಜಲ್‌ಗೆ ಹದಿನೈದು ವರ್ಷ. ಎರಡು ವರ್ಷದ ಹಿಂದೆ ಬಾಲಮಂದಿರದಿಂದ ಪೋಷಕತ್ವ ಯೋಜನೆಯಡಿ ಈ ಮನೆಗೆ ಬಂದಾಗ ಕಾಗದದ ಮೇಲೆ ಹುಡುಗ, ಹೆಸರು ಕುಬೇರ. ನಾಲ್ಕನೇ ತಿಂಗಳಲ್ಲಿ ಒಂದು ದಿನ ಬೇಳೆ ಆರಿಸುತ್ತ, "ನಾ ಹುಡುಗಿ. ಹೆಸರು ಕಾಜಲ್" ಎಂದು ಹೇಳಿ ಮತ್ತೆ ಬೇಳೆ ಆರಿಸತೊಡಗಿದಳು. ಆಟಿಸಂ ಇದೆಯೆಂದು ಹುಬ್ಬಳ್ಳಿಯ ಡಾಕ್ಟರು ಮೊದಲೇ ಹೇಳಿದ್ದರು. ಇದನ್ನು ಯಾರೂ ಹೇಳಿರಲಿಲ್ಲ. ಮೂರನೇ ದಿನ ದುರ್ಗಪ್ಪ, "ಕಾಜಲ್, ಚಾ ತಾರವಾ" ಎಂದ.

ಪೋಷಕತ್ವದ ಅನುಮತಿ ವರ್ಷಕ್ಕೊಮ್ಮೆ ಹೊಸದಾಗಬೇಕು. ಈ ಸಲ ನಾಗಪಂಚಮಿಯ ಮರುದಿನ ಅಧಿಕಾರಿ ವಿದ್ಯಾವತಿ ಬರುವವರಿದ್ದರು. ಕಾಜಲ್ ಇಲ್ಲೇ ಇರುತ್ತಾಳೋ ಬಾಲಮಂದಿರಕ್ಕೆ ಮರಳುತ್ತಾಳೋ ಎಂಬುದು ಅವರ ವರದಿಯ ಮೇಲೆ ನಿಂತಿತ್ತು.

ಪಂಚಮಿ ಹೆಣ್ಣುಮಕ್ಕಳ ಹಬ್ಬ. ಮನೆಮಗಳ ಕೈ ಬರಿದಾಗಿರಬಾರದೆಂದು ಮುದಕವ್ವ ಬಳೆಗಾರ್ತಿ ಶಾಂತಾದೇವಿಯನ್ನು ಮನೆಗೇ ಕರೆಸಿದಳು. ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಕಾಜಲ್ ಹಿಗ್ಗಿನಿಂದ ಕೈ ಎತ್ತಿದಳು. ಬಳೆಗಳೆಲ್ಲ ಒಮ್ಮೆಲೇ ಘಲ್ಲೆಂದವು. ಚಿಟ್ಟನೆ ಚೀರಿ, ಬಳೆ ಕಿತ್ತೆಸೆದು ಹಿತ್ತಲಿಗೆ ಓಡಿದಳು.

"ಹುಡುಗಿ ಅಂದ್ಲು, ಬಳಿ ಇಡಸಿದ್ರ ಒಗದ್ಲು. ಮನಸ್ಸ ತಿರಗತೇನ ಮತ್ತ?" ಮುದಕವ್ವ ತಲೆಮೇಲೆ ಕೈಹೊತ್ತು ಕುಳಿತಳು. ನಾಳೆ ವಿದ್ಯಾವತಿಗೆ ಏನು ಹೇಳುವುದು? ಈ ಮನೆಯವರಿಗೆ ಮಗು ತಿಳಿದೇ ಇಲ್ಲ ಎಂದು ಬರೆದರೆ?

ಒಡೆದ ಚೂರು ಗುಡಿಸುತ್ತಿದ್ದ ದುರ್ಗಪ್ಪ ತಲೆ ಎತ್ತಿದ. "ರೊಟ್ಟಿ ಬಡಿಯೂಮುಂದ ದಿನಾ ಕೂಗಿ ಹೇಳ್ತಿ. ಬಳಿ ಇಡಸೂಮುಂದ ಹೇಳಿದೇನ?"

ಮುದಕವ್ವ ಎದ್ದು ಹಿತ್ತಲಿಗೆ ಹೋದಳು. ಕಾಜಲ್ ಪೇರಲ ಗಿಡಕ್ಕೆ ಬೆನ್ನು ಹಚ್ಚಿ ಕುಳಿತಿದ್ದಳು.

"ಬಳಿ ಬ್ಯಾಡೇನವಾ ನಿನಗ?"

"ಬಳಿ ಬೇಕು. ಸಪ್ಪಳ ಬ್ಯಾಡ."

"ಮತ್ತ... ಹುಡುಗಿ?"

"ಅದನ್ನ ಹೇಳೇನಿ. ಎಷ್ಟ ಸಲ ಹೇಳಬೇಕು?"

ಒಡೆಯದೆ ಉಳಿದ ಬಳೆ ಏಳು. ಸಂಜೆಯವರೆಗೆ ಕುಳಿತು ಕಾಜಲ್ ಒಂದೊಂದಕ್ಕೂ ಉಲ್ಲನ್ ದಾರ ಸುತ್ತಿದಳು, ಎಲ್ಲಕ್ಕೂ ಸರಿಯಾಗಿ ತೊಂಬತ್ತು ಸುತ್ತು. ಏಳನ್ನೂ ಬಲಗೈಗೆ ಏರಿಸಿ ಅಲ್ಲಾಡಿಸಿದಳು. ಏನೂ ಕೇಳಲಿಲ್ಲ. ಮತ್ತೆ ಅಲ್ಲಾಡಿಸಿ ನಕ್ಕಳು.

ಮರುದಿನ ವಿದ್ಯಾವತಿ ಕೇಳಿದರು: "ಇಲ್ಲೇ ಇರ್ತೀಯೇನಮ್ಮಾ?"

ಕಾಜಲ್ ಬಳೆ ನೋಡುತ್ತಲೇ ಉತ್ತರಿಸಿದಳು. "ಇರ್ತೇನ್ರಿ. ಮುದಕವ್ವ ಮೊದಲ ಕೂಗಿ ಹೇಳ್ತಾಳ."

"ಹೆಸರು ಹಿಡದು ಕರೀತಿ? ಅವ್ವಾ ಅನ್ನೂದಿಲ್ಲೇನು?"

"ಹೆಸರಿನ್ಯಾಗ ಐತೆಲ್ರಿ."

ಮುದಕವ್ವ ನಗು ತಡೆಯಲಾರದೆ ಚಹಾ ತರುವ ನೆಪದಲ್ಲಿ ಒಳಗೆ ಹೋದಳು. ವಿದ್ಯಾವತಿ ಬರೆಯುತ್ತಲೇ ಇದ್ದರು.

ಒಂದು ವರ್ಷದ ಅನುಮತಿ ಕಳೆದ ವಾರ ಬಂದಿದೆ. ಅದರಲ್ಲಿ ಹೆಸರು ಇನ್ನೂ ಕುಬೇರ ಎಂದೇ ಇದೆ. ಅದನ್ನು ಬದಲಿಸುವ ಬಗೆ ಕೇಳಲು ಮೂವರೂ ಸೋಮವಾರ ಮುಂಜಾನೆಯ ಬಸ್ಸಿಗೆ ಕಾರವಾರದ ಜಿಲ್ಲಾ ಕಚೇರಿಗೆ ಹೋಗುತ್ತಾರೆ.